ಅಂಡರ್‌ಗ್ರೌಂಡ್ ಕಾಮಿಕ್ಸ್ ಮೈ ಉರಿಸಿದಾಗ ಏನು ಮಾಡಬೇಕು: ಓದುಗರಿಗೊಂದು ಸಮಗ್ರ ಮಾರ್ಗದರ್ಶಿ

ಸೆನ್ಸಾರಿಗೆ ತಲೆಬಾಗದೆ ಸ್ವತಂತ್ರವಾಗಿ ಅಚ್ಚಾದ ಅಮೆರಿಕದ ಅಂಡರ್‌ಗ್ರೌಂಡ್ ಕಾಮಿಕ್ಸ್‌ನ ಹೆಸರಾಂತ ಕಲಾವಿದ ರಾಬರ್ಟ್ ಕ್ರಂಬ್ ಅವರ ಪುಸ್ತಕವನ್ನು ಯಾರೋ ಗೆಳೆಯರು ಕೈಗೆ ಕೊಡುತ್ತಾರೆ. 'ಗೆರೆ ನೋಡು ಮಾರಾಯ, ಗೆರೆ!' ತೆರೆದರೆ ಗೆರೆ ನಿಜಕ್ಕೂ ಕಣ್ಣು ಕೀಳಲಾಗದ ಹಾಗಿದೆ. ಆದರೆ ಆ ಗೆರೆಯಲ್ಲಿ ಮೂಡಿರುವುದು ಹೆಂಗಸರ ಮೇಲಿನ ಹಿಂಸೆ, ಕಪ್ಪು ಜನರ ಅಣಕ, ಓದಿದ ಮೇಲೂ ತಲೆಯಿಂದ ಹೋಗದ ಹೇಸಿಗೆ. ಈಗ ಮೆಚ್ಚುವುದೋ ಉಗಿಯುವುದೋ? ಹೆಚ್ಚಿನವರು ಒಂದೋ ಎರಡು ಪುಟ ನೋಡಿ ಬೈದು ಬದಿಗಿಡುತ್ತಾರೆ, ಇಲ್ಲವೇ 'ಅದು ವಿಡಂಬನೆ ಕಣ್ರೀ, ನಿಮಗೆ ಅರ್ಥವಾಗಲ್ಲ' ಅಂದು ಜಾರಿಕೊಳ್ಳುತ್ತಾರೆ. ಎರಡೂ ಸೋಮಾರಿಗಳ ದಾರಿಯೇ.

ಈ ಬರಹ ಮೂರನೆಯ ದಾರಿ ಬೇಕೆನ್ನುವವರಿಗೆ. ಪುಟವನ್ನು ಸರಿಯಾಗಿ ಓದಿ, ನೋವಾದದ್ದು ಎಲ್ಲಿ ಎಂದು ಗುರುತಿಸಿ, ಅದಕ್ಕೆ ತಕ್ಕ ಉತ್ತರ ಕೊಡುವುದು ಹೇಗೆ ಎನ್ನುವುದನ್ನು ಹಂತಹಂತವಾಗಿ ಹೇಳುತ್ತೇನೆ. ಉತ್ತರ ಅಂದರೆ ವಿಮರ್ಶೆ ಇರಬಹುದು, ಪ್ರಕಾಶಕರಿಗೆ ಪತ್ರ ಇರಬಹುದು, ನೀವೇ ಬರೆದ ಎಂಟು ಪುಟದ ಕಾಮಿಕ್ ಇರಬಹುದು. ಈ ಪ್ರಕಾರದ ಇತಿಹಾಸ ನೋಡಿದರೆ ಕೊನೆಯದಕ್ಕೇ ಬಲ ಜಾಸ್ತಿ. ಅದರ ಬಗ್ಗೆ ಮುಂದೆ ವಿವರವಾಗಿ.

ಹಂತ 1: ಇದು ಯಾರ ವಿರುದ್ಧ ಎದ್ದ ಗಲಾಟೆ ಎಂದು ತಿಳಿದುಕೊಳ್ಳಿ

ಅಮೆರಿಕದಲ್ಲಿ 1954ರಲ್ಲಿ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂಬ ಕೂಗು ಸೆನೆಟ್‌ನ ಉಪಸಮಿತಿಯ ವಿಚಾರಣೆವರೆಗೆ ಹೋಯಿತು. ಸರಕಾರ ಕೈ ಹಾಕುವ ಮೊದಲೇ ಪ್ರಕಾಶಕರು ತಮಗೆ ತಾವೇ ಮೂಗುದಾರ ಹಾಕಿಕೊಂಡರು. ಅದಕ್ಕೆ ಕಾಮಿಕ್ಸ್ ಕೋಡ್ ಎಂದು ಹೆಸರು. ಶೀರ್ಷಿಕೆಯಲ್ಲಿ 'ಹಾರರ್' ಪದ ಕೂಡದು, ಪೊಲೀಸರನ್ನೂ ನ್ಯಾಯಾಧೀಶರನ್ನೂ ಹಗುರಮಾಡಿ ತೋರಿಸಕೂಡದು, ನಗ್ನತೆ ಕೂಡದು. ಮುಖಪುಟದಲ್ಲಿ ಒಪ್ಪಿಗೆಯ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗಳಿಗೆ ಹಂಚುವವರೇ ಮುಟ್ಟುತ್ತಿರಲಿಲ್ಲ.

ಈ ಕೋಡ್‌ನಲ್ಲಿ ಬೆಳೆದ ಮಕ್ಕಳು ದೊಡ್ಡವರಾಗಿ ಪೆನ್ ಹಿಡಿದದ್ದೇ ಅಂಡರ್‌ಗ್ರೌಂಡ್ ಕಾಮಿಕ್ಸ್. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್‌ಬರಿ ಬಡಾವಣೆಯಲ್ಲಿ 'ಝ್ಯಾಪ್ ಕಾಮಿಕ್ಸ್' ಮೊದಲ ಸಂಚಿಕೆ ಬಂದಾಗ ಕ್ರಂಬ್ ಅವರಿಗೆ ಇಪ್ಪತ್ತನಾಲ್ಕು ವರ್ಷ. ಮಗುವನ್ನು ಕೂರಿಸುವ ತಳ್ಳುಗಾಡಿಯಲ್ಲಿ ಪ್ರತಿಗಳನ್ನಿಟ್ಟುಕೊಂಡು ಬೀದಿಯಲ್ಲೇ ಮಾರಿದರು. ಮುಖಪುಟದಲ್ಲಿ 'ವಯಸ್ಕ ಬುದ್ಧಿಜೀವಿಗಳಿಗೆ ಮಾತ್ರ' ಎನ್ನುವ ತುಂಟ ಎಚ್ಚರಿಕೆ. ಮುಂದಿನ ಸಂಚಿಕೆಗಳಿಗೆ ಎಸ್. ಕ್ಲೇ ವಿಲ್ಸನ್, ರಿಕ್ ಗ್ರಿಫಿನ್, ವಿಕ್ಟರ್ ಮೊಸ್ಕೊಸೊ, ಸ್ಪೇನ್ ರೊಡ್ರಿಗೆಜ್, ಗಿಲ್ಬರ್ಟ್ ಶೆಲ್ಟನ್, ರಾಬರ್ಟ್ ವಿಲಿಯಮ್ಸ್ ಬಂದು ಸೇರಿಕೊಂಡರು. ಎಲ್ಲರೂ ಗಂಡಸರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೋಡ್ ಬೇಡವೆಂದದ್ದನ್ನೆಲ್ಲ ಹುಡುಕಿ ಹುಡುಕಿ ಬರೆಯುವುದೇ ಇವರ ಹಟ. ವಿಲ್ಸನ್ ಅವರ ಕಡಲ್ಗಳ್ಳರ ಪುಟಗಳನ್ನು ನೋಡಿದ ಮೇಲೆ ತಮ್ಮೊಳಗಿನ ಸೆನ್ಸಾರ್ ಬಿದ್ದುಹೋಯಿತು ಎಂದು ಕ್ರಂಬ್ ಹಲವು ಕಡೆ ಹೇಳಿಕೊಂಡಿದ್ದಾರೆ. ಕೆರಳಿಸುವುದು ಇಲ್ಲಿ ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಹಾಗಾಗಿ 'ಇದು ಅಸಭ್ಯವಾಗಿದೆ' ಎಂದು ನೀವು ಬರೆದರೆ ಕಲಾವಿದ 'ಹೌದು, ಮುಂದೆ?' ಅನ್ನುತ್ತಾನೆ. ಆ 'ಮುಂದೆ'ಗೆ ನಿಮ್ಮ ಹತ್ತಿರ ಏನಾದರೂ ಇರಬೇಕು.

ಹಂತ 2: ಯಾವ ಪ್ಯಾನೆಲ್‌ನಲ್ಲಿ, ಯಾವ ಬಗೆಯ ಉರಿ?

ಒಂದು ಚೀಟಿ ತೆಗೆದುಕೊಳ್ಳಿ. ಪುಟ ಸಂಖ್ಯೆ, ಪ್ಯಾನೆಲ್ (ಪುಟದ ಒಂದೊಂದು ಚಿತ್ರದ ಚೌಕಟ್ಟು) ಸಂಖ್ಯೆ, ಆ ಕ್ಷಣ ಆದದ್ದೇನು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. 'ಇಡೀ ಪುಸ್ತಕವೇ ಕೆಟ್ಟದ್ದು' ಎಂದು ಬರೆಯಬೇಕೆನಿಸಿದರೆ ಇನ್ನೊಮ್ಮೆ ತಿರುವಿಹಾಕಿ. ಉರಿ ಹತ್ತಿದ ಜಾಗ ಇದ್ದೇ ಇರುತ್ತದೆ.

ಆಮೇಲೆ ಆದದ್ದಕ್ಕೆ ಹೆಸರಿಡಿ: ನಾಚಿಕೆಯೋ, ಹೇಸಿಗೆಯೋ, ಭಯವೋ, ಅವಮಾನವೋ? ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುರುಕಿದರೆ ಮುಂದಿನ ಹಂತಗಳೆಲ್ಲ ಹಳಿ ತಪ್ಪುತ್ತವೆ. ವಿಲ್ಸನ್ ಅವರ ಕಡಲ್ಗಳ್ಳರು ಒಬ್ಬರನ್ನೊಬ್ಬರು ಕೊಚ್ಚಿಹಾಕುವ ಪುಟ ಹೇಸಿಗೆ ಹುಟ್ಟಿಸುತ್ತದೆ. ಅಲ್ಲಿ ಕರುಳು ಹೊರಬಂದವನೂ ಬಂದೂಕು ಹಿಡಿದವನೂ ಒಂದೇ ಜಾತಿಯ ಪೋಕರಿಗಳು. ಅದರಿಂದ ಯಾವ ಓದುಗನ ಮರ್ಯಾದೆಯೂ ಹೋಗುವುದಿಲ್ಲ. ಒಂದು ಜನಾಂಗದ ಮೂಗು, ತುಟಿ, ಮೈ ಹಿಡಿದು ನಗುವ ಚಿತ್ರದಲ್ಲಿ ಒಂದು ಹನಿ ರಕ್ತವೂ ಇರದಿರಬಹುದು, ಆದರೆ ಅಲ್ಲಿ ಅವಮಾನ ಇದೆ. ಹೇಸಿಗೆಯಾದರೆ ಪುಸ್ತಕ ಮುಚ್ಚಿದರೆ ಆಯಿತು. ಅವಮಾನಕ್ಕೆ ಉತ್ತರ ಬೇಕು.

ಇಲ್ಲಿ ಕನ್ನಡದ ಓದುಗರಿಗೊಂದು ವಿಶೇಷ ತೊಡಕಿದೆ. ನಗ್ನತೆ ಕಂಡ ಕೂಡಲೇ ನಮ್ಮ ಕಣ್ಣು ಅಲ್ಲೇ ನಿಂತುಬಿಡುತ್ತದೆ. ದಪ್ಪ ಬಿಳಿ ತುಟಿ, ಹೊಳೆಯುವ ಕಪ್ಪು ಮುಖ, ಬೆಪ್ಪು ಕಣ್ಣು ಕಂಡರೆ ಮಾತ್ರ 'ತಮಾಷೆಯಾಗಿದೆ' ಎಂದು ಪುಟ ತಿರುಗಿಸುತ್ತೇವೆ. ಆ ಮುಖ ಎಲ್ಲಿಂದ ಬಂತೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಗುಲಾಮರನ್ನು ಅಣಕಿಸಿ ನಗಿಸುತ್ತಿದ್ದ ಮಿನ್‌ಸ್ಟ್ರೆಲ್ ಶೋಗಳಿಂದ ಹೊರಟು, ಸೋಪು, ಬೆಳಗಿನ ತಿಂಡಿಯ ಹಿಟ್ಟುಗಳ ಜಾಹೀರಾತು, ಆಮೇಲೆ ಅನಿಮೇಷನ್ ಚಿತ್ರಗಳ ಮೂಲಕ ಅದು ಕಾಮಿಕ್ಸ್‌ಗೆ ಬಂತು. ಇದನ್ನು ತಿಳಿಯದೆ ಬರೆದರೆ ನಿಮ್ಮ ಲೇಖನ ಬಟ್ಟೆಯ ಲೆಕ್ಕ ಹಾಕುತ್ತ ಕೂರುತ್ತದೆ, ದೊಡ್ಡ ಗಾಯ ಕಣ್ಣಿಗೇ ಬೀಳುವುದಿಲ್ಲ.

ಹಂತ 3: ನಗು ಯಾರ ಮೇಲೆ ಬೀಳುತ್ತಿದೆ?

ಜೋಕನ್ನು ಚಿತ್ರ ತೋರಿಸದೆ ಗೆಳತಿಗೋ ಗೆಳೆಯನಿಗೋ ಬಾಯಲ್ಲಿ ಹೇಳಿ ನೋಡಿ. ಯಾರನ್ನು ನೋಡಿ ನಗಬೇಕಾಗಿದೆ? ಆಮೇಲೆ ಮಾತನ್ನೆಲ್ಲ ಬೆರಳಿನಿಂದ ಮುಚ್ಚಿ ಚಿತ್ರ ಮಾತ್ರ ನೋಡಿ. ಈಗ ನಗು ಬರುತ್ತಿರುವುದು ಯಾರ ಮೇಲೆ? ಎರಡು ಉತ್ತರವೂ ಒಂದೇ ಆದರೆ ಕೆಲಸ ಸಲೀಸು. ಬೇರೆ ಬೇರೆಯಾದರೆ ಅಲ್ಲೇ ನಿಜವಾದ ವಿಮರ್ಶೆ ಶುರು.

1960ರ ದಶಕದ ಕೊನೆಯಲ್ಲಿ ಕ್ರಂಬ್ ಹುಟ್ಟಿಸಿದ ಏಂಜಲ್‌ಫುಡ್ ಮ್ಯಾಕ್‌ಸ್ಪೇಡ್ ಎಂಬ ಪಾತ್ರದ ಮೇಲೆ ಇದನ್ನು ಪ್ರಯೋಗಿಸೋಣ. ಹೆಸರಲ್ಲೇ ಜನಾಂಗದ ಬೈಗುಳ ಅಡಗಿದೆ. ಆಕೆ ಹುಲ್ಲಿನ ಲಂಗ ತೊಟ್ಟ ಕಪ್ಪು ಹೆಂಗಸು, ಭಾರಿ ಮೈ, ಭಾರಿ ತುಟಿ. ಬಿಳಿಯ ಗಂಡಸರು ನಾಲಗೆ ಚಾಚಿಕೊಂಡು ಆಕೆಯ ಬೆನ್ನು ಹತ್ತುತ್ತಾರೆ. ಕಥೆಯನ್ನು ಬಾಯಲ್ಲಿ ಹೇಳಿದರೆ ನಗು ಬೀಳುವುದು ಆ ಗಂಡಸರ ಮೇಲೆ: ನಾಗರಿಕತೆಯ ಸೋಗು ಹಾಕಿದ ಬಿಳಿಯರ ಕಾಮ, ಕಪ್ಪು ಹೆಣ್ಣಿನ ಬಗ್ಗೆ ಅವರ ತಲೆಯಲ್ಲಿರುವ ಕಸ. ಕ್ರಂಬ್ ಅವರನ್ನು ಸಮರ್ಥಿಸುವವರು ಹಿಡಿಯುವುದು ಇದೇ ಎಳೆಯನ್ನು, ಅದು ಪೂರ್ತಿ ಸುಳ್ಳಲ್ಲ. ಮಾತು ಮುಚ್ಚಿ ನೋಡಿ. ಗಂಡಸರು ಪೆದ್ದರಾಗಿ ಕಂಡರೂ ಒಬ್ಬೊಬ್ಬರಿಗೂ ಒಂದೊಂದು ಮುಖವಿದೆ, ಆಸೆಯಿದೆ, ದಿಗಿಲಿದೆ. ಆಕೆಗೆ ಇರುವುದು ಮೈ ಮಾತ್ರ. ಆಕೆ ಏನು ಯೋಚಿಸುತ್ತಾಳೆ ಎಂದು ಯಾವ ಪ್ಯಾನೆಲ್ ಕೂಡ ಕೇಳುವುದಿಲ್ಲ. ಕಥೆ ವಿಡಂಬನೆ ಮಾಡುತ್ತಿದೆ, ಚಿತ್ರ ಅವಮಾನ ಮಾಡುತ್ತಿದೆ, ಒಂದೇ ಪುಟದಲ್ಲಿ ಎರಡೂ ನಡೆಯುತ್ತಿದೆ ಎನ್ನುವುದು ನನ್ನ ತೀರ್ಮಾನ. ನಿಮ್ಮದು ಬೇರೆಯಾದರೆ ಜಗಳವಿಲ್ಲ, ಆದರೆ ಹೀಗೆ ಪ್ಯಾನೆಲ್ ತೋರಿಸಿ ಹೇಳಿ.

ಉತ್ತರ ಕರ್ನಾಟಕದ ಊರುಗಳಲ್ಲಿ ಹೋಳಿ ಹುಣ್ಣಿಮೆಗೆ ಹಲಗೆ ಬಾರಿಸಿ, ಲಬೋ ಲಬೋ ಎಂದು ಬಾಯಿ ಬಡಿದುಕೊಂಡು ಆಡುವ ಮಾತುಗಳನ್ನು ಉಳಿದ ದಿನ ಆಡಿದರೆ ಏಟು ಬೀಳುತ್ತದೆ. ಅವತ್ತು ಪರವಾನಗಿ ಇದೆ. ಅಂಡರ್‌ಗ್ರೌಂಡ್ ಕಾಮಿಕ್ಸ್ ಕೂಡ ಅಂಥದೊಂದು ಪರವಾನಗಿ ಕೇಳುತ್ತದೆ, ಕೊಡಬಹುದು. ಆದರೆ ಹೋಳಿಯ ದಿನವೂ ಯಾರ ಮನೆ ಮುಂದೆ ನಿಂತು ಬೈಯಬಹುದು, ಯಾರ ಮನೆ ಮುಂದೆ ಆಗದು ಎನ್ನುವ ಲೆಕ್ಕ ಊರಿಗೆ ಗೊತ್ತಿರುತ್ತದಲ್ಲ, ಆ ಲೆಕ್ಕವನ್ನು ಇಲ್ಲೂ ಕೇಳಿ. ಪೊಲೀಸರನ್ನು, ಸೇನೆಯನ್ನು, ಜಾಹೀರಾತು ಕಂಪನಿಗಳನ್ನು ಬೈಯುವಾಗ ಇದ್ದ ಧೈರ್ಯ ಹೆಂಗಸರತ್ತ ತಿರುಗಿದಾಗ ಧೈರ್ಯವಾಗಿ ಉಳಿದಿತ್ತೇ?

ಹಂತ 4: ಗೆರೆಯ ಬಗ್ಗೆಯೂ ಮಾತಾಡಿ

ಕೋಪದಲ್ಲಿರುವವರು ಈ ಹಂತ ಹಾರಿಸುತ್ತಾರೆ, ಅಭಿಮಾನಿಗಳು ಇದೊಂದರಲ್ಲೇ ಕೂತುಬಿಡುತ್ತಾರೆ.

ಕ್ರಂಬ್ ಅವರ ಪುಟದ ಮೇಲೆ ಕಣ್ಣು ಹತ್ತಿರ ಒಯ್ದು ನೋಡಿ. ನೆರಳು ಬೇಕಾದ ಕಡೆ ಕಪ್ಪು ಬಣ್ಣ ತುಂಬಿಲ್ಲ. ಒಂದರ ಮೇಲೊಂದು ಅಡ್ಡ ಹಾಯುವ ಸಣ್ಣ ಗೆರೆಗಳನ್ನು ಎಳೆದು ಎಳೆದು ಬಟ್ಟೆಯ ಸುಕ್ಕು, ಗೋಡೆಯ ಕೊಳೆ, ಕೆನ್ನೆಯ ಉಬ್ಬು ಮೂಡಿಸಿದ್ದಾರೆ. ಗೆರೆ ಎಲ್ಲೂ ನೇರವಾಗಿಲ್ಲ, ಸಣ್ಣಗೆ ನಡುಗುತ್ತದೆ. ಶೂಗಳು ದೊಡ್ಡವು, ಕೈಗಳು ಗುಂಡಗೆ, ಎಲ್ಲವೂ 1920-30ರ ದಿನಪತ್ರಿಕೆಗಳ ಕಾಮಿಕ್ ಪಟ್ಟಿಗಳ ಶೈಲಿ. ಅಪಾಯ ಇರುವುದು ಇಲ್ಲೇ. ಅಜ್ಜನ ಕಾಲದ ಮುದ್ದು ಗೆರೆ ಓದುಗನನ್ನು ಸಲಿಗೆಯಿಂದ ಒಳಗೆ ಕರೆದುಕೊಳ್ಳುತ್ತದೆ, ಕೂರಿಸಿ ಆಮೇಲೆ ಹೊಡೆಯುತ್ತದೆ. ಇದೇ ವಿಷಯವನ್ನು ಒರಟು ಗೆರೆಯಲ್ಲಿ ಬರೆದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ನಿಮ್ಮ ವಿಮರ್ಶೆಯಲ್ಲಿ ಮೂರು ವಾಕ್ಯ ಇರಲಿ. ಒಂದು ಗೆರೆಯ ಬಗ್ಗೆ, ಒಂದು ಜೋಕಿನ ಬಗ್ಗೆ. ಮೂರನೆಯದು, ಗೆರೆ ಜೋಕಿಗೆ ಏನು ಮಾಡುತ್ತಿದೆ ಎನ್ನುವುದು. ಮೊದಲ ಎರಡನ್ನು ಯಾರು ಬೇಕಾದರೂ ಬರೆಯುತ್ತಾರೆ, ಮೂರನೆಯದಕ್ಕೆ ಓದಬೇಕು. 1994ರ ಸಾಕ್ಷ್ಯಚಿತ್ರ 'ಕ್ರಂಬ್'ನಲ್ಲಿ ಕಲಾವಿಮರ್ಶಕ ರಾಬರ್ಟ್ ಹ್ಯೂಸ್ ಅವರು ಕ್ರಂಬ್ ಅವರನ್ನು 16ನೇ ಶತಮಾನದ ಚಿತ್ರಕಾರ ಬ್ರೂಗಲ್‌ಗೆ ಹೋಲಿಸುತ್ತಾರೆ. ಅದೇ ಚಿತ್ರದಲ್ಲಿ ಪತ್ರಕರ್ತೆ ಡೀರ್‌ಡ್ರಿ ಇಂಗ್ಲಿಷ್ ಅವರು ಕ್ರಂಬ್ ಅವರ ಕೆಲವು ಕಥೆಗಳು ವಿಡಂಬನೆಯ ಗೆರೆ ದಾಟಿ ಸ್ವಂತ ಚಪಲಕ್ಕೆ ಇಳಿದಿವೆ ಎಂಬರ್ಥದಲ್ಲಿ ಮಾತಾಡುತ್ತಾರೆ. ನನಗೆ ಇಬ್ಬರೂ ಸರಿಯೆನಿಸುತ್ತಾರೆ, ಅದರಲ್ಲಿ ವಿರೋಧಾಭಾಸವೇನೂ ಕಾಣುವುದಿಲ್ಲ.

ಇನ್ನೊಂದು ಮಾತು. ನಾಜೂಕು ಮಾತ್ರ ಕಲೆಯಲ್ಲ. ಕ್ರಂಬ್ ಅವರ ಹೆಂಡತಿ, ಸ್ವತಃ ಕಾಮಿಕ್ ಕಲಾವಿದೆಯಾದ ಅಲೀನ್ ಕೊಮಿನ್‌ಸ್ಕಿ-ಕ್ರಂಬ್ ಅವರ ಗೆರೆ ಸೊಟ್ಟ, ಮುಖಗಳು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಬದಲಾಗುತ್ತವೆ. 'ಬರೆಯಲು ಬರುವುದಿಲ್ಲ' ಎಂದು ಬೈಸಿಕೊಂಡವರು ಅವರು. ತನ್ನ ಮೈಯನ್ನು ತಾನೇ ನಿರ್ದಯವಾಗಿ ನೋಡಿಕೊಳ್ಳುವ ಕಥೆಗೆ ಆ ಸೊಟ್ಟ ಗೆರೆಯೇ ಬೇಕಿತ್ತು.

ಹಂತ 5: 'ವಿಡಂಬನೆ' ಎಂಬ ಗುರಾಣಿ ಎಷ್ಟು ಗಟ್ಟಿ?

1993ರಲ್ಲಿ 'ವಿಯರ್ಡೊ' ಪತ್ರಿಕೆಯ ಕೊನೆಯ ಸಂಚಿಕೆಯಲ್ಲಿ ಕ್ರಂಬ್ ಎರಡು ಕಥೆ ಬರೆದರು. ಕಪ್ಪು ಜನರು ಮತ್ತು ಯಹೂದಿಗಳು ಅಮೆರಿಕವನ್ನು ವಶಪಡಿಸಿಕೊಂಡರೆ ಏನಾಗುತ್ತದೆ ಎಂದು ಜನಾಂಗದ್ವೇಷಿಗಳು ಕಾಣುವ ದುಃಸ್ವಪ್ನವನ್ನು ಅವರದೇ ಧಾಟಿಯಲ್ಲಿ ಬರೆದು ಅಣಕಿಸುವ ಉದ್ದೇಶ. ಆದದ್ದೇನು? ಬಿಳಿ ಜನಾಂಗವಾದಿಗಳ ಪತ್ರಿಕೆಯೊಂದು ಅದನ್ನು ಹಾಗೆಹಾಗೇ ಮರುಮುದ್ರಿಸಿತು. ಅವರಿಗೆ ಅಣಕ ಕಾಣಲೇ ಇಲ್ಲ, ತಮ್ಮ ಮನಸ್ಸಿನ ಮಾತನ್ನು ಯಾರೋ ಚೆನ್ನಾಗಿ ಬರೆದುಕೊಟ್ಟ ಹಾಗೆ ಕಂಡಿತು.

ಆದ್ದರಿಂದ ಕಲಾವಿದನ ಉದ್ದೇಶ ಕೇಳಿ ಸುಮ್ಮನಾಗಬೇಡಿ. ಉದ್ದೇಶ ಒಂದು, ಪುಟದಲ್ಲಿ ಇರುವುದು ಒಂದು, ಪುಟ ಊರು ಸುತ್ತಿ ಮಾಡಿದ್ದು ಇನ್ನೊಂದು. ಜೋಕಿನ ಒಳಗೇ ಜೋಕು ಎನ್ನುವುದಕ್ಕೆ ಗುರುತು ಇದೆಯೇ ಎಂದು ಹುಡುಕಿ: ದ್ವೇಷದ ಮಾತನ್ನಾಡುವವನ ಮುಖ ಎಲ್ಲಾದರೂ ಕಾಣುತ್ತದೆಯೇ, ಅವನು ಸೋಲುತ್ತಾನೆಯೇ, ಅವನ ಮಾತು ಎಲ್ಲಾದರೂ ತನ್ನ ಕಾಲಿಗೇ ತೊಡರಿಕೊಳ್ಳುತ್ತದೆಯೇ? ಇಲ್ಲವಾದರೆ ಹಾಗೆಂದು ಬರೆಯಿರಿ.

ಹಂತ 6: ಪೊಲೀಸು, ಕೋರ್ಟು ಎನ್ನುವ ಮೊದಲು

'ಇದನ್ನು ಬ್ಯಾನ್ ಮಾಡಬೇಕು' ಎಂಬ ಮಾತು ಬಾಯಿಗೆ ಬಂದಾಗ ಈ ಎರಡು ಪ್ರಕರಣ ನೆನಪಿಡಿ.

'ಝ್ಯಾಪ್' 4ನೇ ಸಂಚಿಕೆಯಲ್ಲಿ (1969) ಕ್ರಂಬ್ ಅವರ ಒಂದು ಕಥೆ ಇತ್ತು. ಅಚ್ಚುಕಟ್ಟಾದ ಅಮೆರಿಕನ್ ಕುಟುಂಬದ ಒಳಗಿನ ಲೈಂಗಿಕ ದೌರ್ಜನ್ಯವನ್ನು ಜಾಹೀರಾತಿನ ಹಲ್ಲುಕಿರಿತದಲ್ಲಿ ಬರೆದದ್ದು. ಇಂದಿಗೂ ಓದಲು ಕಷ್ಟ. 1970ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ ಅದನ್ನು ಅಶ್ಲೀಲವೆಂದಿತು. ಶಿಕ್ಷೆಯಾದದ್ದು ಬರೆದವರಿಗಲ್ಲ, ಪುಸ್ತಕದಂಗಡಿಯಲ್ಲಿ ಮಾರಿದವರಿಗೆ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಿಲ್ಲರ್ ಪ್ರಕರಣದಲ್ಲಿ ಅಶ್ಲೀಲತೆಯನ್ನು ಆಯಾ ಊರಿನ ಜನರ ಮಾನದಂಡದಲ್ಲಿ ಅಳೆಯಬಹುದು ಎಂದ ಮೇಲೆ ಅಂಗಡಿಯವರಿಗೆ ಇನ್ನೂ ಭಯ ಹತ್ತಿತು. ಆ ಭಯಕ್ಕೆ ಸಿಕ್ಕಿಬಿದ್ದವರಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನ ಜಾಯ್ಸ್ ಫಾರ್ಮರ್, ಲಿನ್ ಶೆವ್ಲಿ ಎಂಬ ಇಬ್ಬರು ಹೆಂಗಸರೂ ಇದ್ದರು. ಗಂಡಸರ ಕಾಮಿಕ್ಸ್ ಹೆಣ್ಣಿನ ಮೈಯನ್ನು ಹೇಗೆಲ್ಲ ಬಳಸಿಕೊಂಡಿತು ಎಂದು ರೊಚ್ಚಿಗೆದ್ದು, ಮುಟ್ಟು, ಗರ್ಭನಿರೋಧಕ, ಹೆಣ್ಣಿನ ಆಸೆ ಎಲ್ಲವನ್ನೂ ಹೆಣ್ಣಿನ ಕಡೆಯಿಂದ ಹಾಸ್ಯವಾಗಿ ಬರೆಯಲು 1972ರಲ್ಲಿ ತಮ್ಮದೇ ಕಾಮಿಕ್ ಶುರುಮಾಡಿದವರು. ಕಾನೂನಿನ ಕೋಲು ಬೀಸಿದರೆ ಅವಮಾನ ಮಾಡಿದವನಿಗಿಂತ ಮೊದಲು ಉತ್ತರ ಕೊಟ್ಟವರಿಗೆ ತಗಲುವುದೇ ಹೆಚ್ಚು.

ಎರಡನೆಯದು ಫ್ಲೋರಿಡಾದ ಮೈಕ್ ಡಯಾನಾ ಪ್ರಕರಣ. 'ಬಾಯ್ಲ್ಡ್ ಏಂಜಲ್' ಎಂಬ ಪುಟ್ಟ ಪತ್ರಿಕೆಯನ್ನು ತಾವೇ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದ ಯುವಕ. ಚಿತ್ರಗಳು ಕ್ರೂರ, ಬೀಭತ್ಸ. ಪೊಲೀಸರೊಬ್ಬರು ಅಭಿಮಾನಿಯ ವೇಷದಲ್ಲಿ ತರಿಸಿಕೊಂಡರು. 1994ರಲ್ಲಿ ಶಿಕ್ಷೆ: ಮೂರು ವರ್ಷ ಪ್ರೊಬೇಷನ್ (ಜೈಲಿನ ಬದಲು ಅಧಿಕಾರಿಗಳ ನಿಗಾ), 3000 ಡಾಲರ್ ದಂಡ, 1248 ಗಂಟೆ ಸಮುದಾಯ ಸೇವೆ, ಮಾನಸಿಕ ತಪಾಸಣೆ, ಪತ್ರಿಕಾ ನೀತಿಯ ಪಾಠ. ಸಾಲದ್ದಕ್ಕೆ ತನ್ನ ಮನೆಯಲ್ಲಿ, ತನಗಾಗಿ ಕೂಡ ಅಂಥ ಚಿತ್ರ ಬರೆಯಕೂಡದು, ಅಧಿಕಾರಿಗಳು ಯಾವಾಗ ಬೇಕಾದರೂ ಬಂದು ಹುಡುಕಬಹುದು ಎನ್ನುವ ಷರತ್ತು. ಡಯಾನಾ ಚಿತ್ರಗಳು ನನಗೆ ಹಿಡಿಸುವುದಿಲ್ಲ. ಆದರೂ ಒಬ್ಬನ ಡ್ರಾಯಿಂಗ್ ಪುಸ್ತಕ ತಪಾಸಣೆ ಮಾಡಲು ಪೊಲೀಸರು ಬಾಗಿಲು ತಟ್ಟುವುದು ಅದಕ್ಕಿಂತ ಅಸಹ್ಯ.

ಇಲ್ಲಿ ಕೂತು ಓದುವವರಿಗೆ ನಮ್ಮ ಕಾನೂನೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ (ಹಿಂದೆ ಐಪಿಸಿ 292) ಅಶ್ಲೀಲ ಸಾಮಗ್ರಿಯ ಮಾರಾಟ, ಹಂಚಿಕೆ, ಪ್ರದರ್ಶನದ ಬಗ್ಗೆ; ಸಾಹಿತ್ಯ, ಕಲೆ, ವಿಜ್ಞಾನದ ಹಿತಕ್ಕಾಗಿ ಇರುವುದಕ್ಕೆ ಅದರಲ್ಲೇ ವಿನಾಯಿತಿ ಇದೆ. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಚಿತ್ರವನ್ನು ಸಂದರ್ಭದಿಂದ ಕಿತ್ತು ನೋಡಬಾರದು, ಸಮಕಾಲೀನ ಸಮಾಜದ ಮಾನದಂಡದಿಂದ ಅಳೆಯಬೇಕು ಎಂದಿತು. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67, 67ಎ, 67ಬಿ ಕಲಂಗಳು ಆನ್‌ಲೈನ್‌ನಲ್ಲಿ ಹಾಕುವವರ ಮೇಲೂ ಬೀಳುತ್ತವೆ. ಎಷ್ಟೇ ಒಳ್ಳೆಯ ವಿಮರ್ಶೆ ಬರೆದರೂ ಸಂಭೋಗದ ಪ್ಯಾನೆಲ್‌ಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ತಳ್ಳಬೇಡಿ. ಮಕ್ಕಳನ್ನು ಲೈಂಗಿಕವಾಗಿ ತೋರಿಸುವ ಚಿತ್ರವನ್ನಂತೂ ಯಾವ ನೆಪಕ್ಕೂ ಉಳಿಸಿಕೊಳ್ಳಬೇಡಿ, ಹಂಚಬೇಡಿ. ಮಾತಿನಲ್ಲಿ ವಿವರಿಸಿದರೆ ಧಾರಾಳ ಸಾಕು.

ಹಂತ 7: ಜಾಗ ಬದಲಿಸಿದರೆ ಸಾಲದೇ?

ಎಷ್ಟೋ ಸಲ ತಕರಾರು ಪುಸ್ತಕದ ಮೇಲಲ್ಲ, ಅದು ಸಿಕ್ಕ ಜಾಗದ ಮೇಲೆ. ಗ್ರಂಥಾಲಯದಲ್ಲಿ ಕಾಮಿಕ್ಸ್ ಅಂದರೆ ಮಕ್ಕಳ ಕಪಾಟು ಎಂದು ತಿಳಿದು ಅಲ್ಲಿಟ್ಟಿದ್ದರೆ ತೆಗೆಸಿ ದೊಡ್ಡವರ ವಿಭಾಗಕ್ಕೆ ಹಾಕಿಸಿ. ಲಿಖಿತ ಮನವಿ ಕೊಟ್ಟರೆ ಆಗುವ ಕೆಲಸ. ಓದುಕೂಟ ನಡೆಸುವವರು ಏನು ಬರಲಿದೆ ಎಂದು ಮುಂಚೆಯೇ ಹೇಳಿ, ಬೇಡವೆಂದವರು ಕಾರಣ ಹೇಳದೆ ಎದ್ದುಹೋಗಲು ಬಿಡಿ. ತೆಗೆದುಹಾಕಿಸುವುದು ಬೇರೆ ಮಾತು. 2022ರ ಜನವರಿಯಲ್ಲಿ ಅಮೆರಿಕದ ಟೆನೆಸಿಯ ಮೆಕ್‌ಮಿನ್ ಕೌಂಟಿ ಶಾಲಾ ಮಂಡಳಿ ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' ಎಂಬ ಚಿತ್ರಕಾದಂಬರಿಯನ್ನು ಎಂಟನೇ ತರಗತಿಯ ಪಾಠದಿಂದ ತೆಗೆಯಿತು. ಕಾರಣ ಕೆಲವು ಬೈಗುಳ, ಒಂದು ನಗ್ನ ಚಿತ್ರ. ಆ ಕೃತಿಯ ಬೇರು ಇರುವುದು 1972ರ ಒಂದು ಅಂಡರ್‌ಗ್ರೌಂಡ್ ಕಾಮಿಕ್‌ನ ಮೂರು ಪುಟಗಳಲ್ಲಿ. ನಾತ್ಸಿ ಶಿಬಿರಗಳ ಕಥೆಯಲ್ಲಿ ಕಣ್ಣಿಗೆ ಬಿದ್ದದ್ದು ಆ ಪುಟ್ಟ ಚಿತ್ರ! ಎರಡನೇ ಹಂತದ ಚೀಟಿ ಬರೆದಿದ್ದರೆ ಮಂಡಳಿಗೂ ಒಳ್ಳೆಯದಿತ್ತು.

ಹಂತ 8: ಕಾಮಿಕ್‌ಗೆ ಕಾಮಿಕ್

'ಝ್ಯಾಪ್' ಬಳಗದಲ್ಲಿ ಹೆಂಗಸರಿರಲಿಲ್ಲ ಎಂದೆನಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಇದ್ದ ಟ್ರಿನಾ ರಾಬಿನ್ಸ್ ಒಳ್ಳೆಯ ಕಲಾವಿದೆ, ಆದರೆ ಗಂಡಸರ ಸಂಕಲನಗಳಿಗೆ ಕರೆ ಬರುತ್ತಿರಲಿಲ್ಲ. ಕ್ರಂಬ್ ಚಿತ್ರಗಳಲ್ಲಿ ಹೆಣ್ಣಿನ ಮೇಲಿನ ಹಿಂಸೆ ಹೆಚ್ಚಾದಂತೆ ಅವರು ಬಾಯಿಬಿಟ್ಟು ಹೇಳಿದರು. ಸಿಕ್ಕ ಉತ್ತರ ನಮಗೆಲ್ಲ ಪರಿಚಿತವೇ: ನಿನಗೆ ಹಾಸ್ಯಪ್ರಜ್ಞೆ ಇಲ್ಲ. ಅವರು ಲೇಖನ ಬರೆದು ಸುಮ್ಮನಾಗಲಿಲ್ಲ. 1970ರಲ್ಲಿ ಹೆಂಗಸರೇ ಸೇರಿ ಮಾಡಿದ ಅಮೆರಿಕದ ಮೊದಲ ಕಾಮಿಕ್ 'ಇಟ್ ಏಂಟ್ ಮಿ ಬೇಬ್' ಹೊರತಂದರು. 1972ರಲ್ಲಿ 'ವಿಮೆನ್ಸ್ ಕಾಮಿಕ್ಸ್' ಶುರುವಾಗಿ 1992ರವರೆಗೆ ನಡೆಯಿತು. ಅದರ ಸಂಪಾದಕಿಯರು ಸರದಿಯ ಮೇಲೆ ಬದಲಾಗುತ್ತಿದ್ದರು, ಒಬ್ಬರೇ ಯಜಮಾನಿ ಆಗುವಂತಿರಲಿಲ್ಲ.

ಇದಕ್ಕಿಂತ ನನಗೆ ಇಷ್ಟವಾಗುವುದು ಮುಂದಿನ ತಿರುವು. 'ವಿಮೆನ್ಸ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ರಾಬಿನ್ಸ್ ಅವರೇ ಸಲಿಂಗಿ ಹೆಣ್ಣೊಬ್ಬಳ ಕಥೆ ಬರೆದರು. ಮೇರಿ ವಿಂಗ್ಸ್ ಎಂಬಾಕೆ ಅದನ್ನು ಓದಿ ಸಿಟ್ಟಾದರು: ಇದು ಹೊರಗಿನವರು ನೋಡಿ ಬರೆದದ್ದು, ನಮ್ಮ ಬದುಕು ಹೀಗಿಲ್ಲ. 1973ರಲ್ಲಿ ತಾವೇ ಬರೆದು ತಾವೇ ಅಚ್ಚು ಹಾಕಿಸಿ 'ಕಮ್ ಔಟ್ ಕಾಮಿಕ್ಸ್' ತಂದರು. ಕಪ್ಪು ಕಲಾವಿದರಾದ ಲ್ಯಾರಿ ಫುಲ್ಲರ್, ರಿಚರ್ಡ್ 'ಗ್ರಾಸ್' ಗ್ರೀನ್ ಕೂಡ 70ರ ದಶಕದ ಆರಂಭದಲ್ಲಿ ಇದೇ ಅಂಡರ್‌ಗ್ರೌಂಡ್ ಅಚ್ಚಿನಲ್ಲಿ ಕಪ್ಪು ನಾಯಕರ ಕಥೆ ಬರೆದರು. 1980ರಲ್ಲಿ ಹೊವರ್ಡ್ ಕ್ರೂಸ್ ಸಂಪಾದಕತ್ವದಲ್ಲಿ 'ಗೇ ಕಾಮಿಕ್ಸ್' ಬಂತು. ಬೈಸಿಕೊಂಡವರೆಲ್ಲ ಬೈದವರ ಆಯುಧವನ್ನೇ ಎತ್ತಿಕೊಂಡರು: ಅಗ್ಗದ ಕಾಗದ, ಕಪ್ಪು ಶಾಯಿ, ಯಾರ ಅಪ್ಪಣೆಯೂ ಬೇಡದ ಅಚ್ಚು.

ನೀವು ಮಾಡುವುದಾದರೆ ಹೀಗೆ ಮಾಡಿ. ಎ4 ಹಾಳೆಯನ್ನು ಮೂರು ಸಲ ಮಡಿಸಿ ಬಿಡಿಸಿದರೆ ಎಂಟು ಮನೆ. ಹಾಳೆಯನ್ನು ಅಗಲಕ್ಕೆ ಅರ್ಧ ಮಡಿಸಿ, ಮಡಿಕೆಯ ಕಡೆಯಿಂದ ನಡುಗೆರೆಯ ಉದ್ದಕ್ಕೂ ಒಂದು ಮನೆಯಷ್ಟು ಕತ್ತರಿಸಿ, ಬಿಡಿಸಿ, ಉದ್ದಕ್ಕೆ ಮಡಿಸಿ ಎರಡೂ ತುದಿಯನ್ನು ಒಳಗೆ ತಳ್ಳಿದರೆ ಎಂಟು ಪುಟದ ಪುಸ್ತಕ. ಹೊಲಿಗೆ, ಪಿನ್ನು ಏನೂ ಬೇಡ. ಮೊದಲು ಖಾಲಿ ಹಾಳೆಯಲ್ಲಿ ಮಡಿಸಿ ಪುಟ ಸಂಖ್ಯೆ ಬರೆದುಕೊಳ್ಳಿ. ಬಿಡಿಸಿದಾಗ ಅರ್ಧ ಪುಟಗಳು ತಲೆಕೆಳಗಾಗಿರುತ್ತವೆ, ಗಾಬರಿಯಾಗಬೇಡಿ. ತೆಳು ಪೆನ್ಸಿಲ್ ಗೆರೆ ಜೆರಾಕ್ಸ್‌ನಲ್ಲಿ ಸರಿಯಾಗಿ ಬರುವುದಿಲ್ಲ, ಕಪ್ಪು ಜೆಲ್ ಪೆನ್ ಇರಲಿ. ಅಂಚಿನಿಂದ ಅರ್ಧ ಸೆಂಟಿಮೀಟರ್ ಬಿಡಿ, ಯಂತ್ರ ಅಂಚು ತಿನ್ನುತ್ತದೆ.

ಏನು ಬರೆಯುವುದು? ಮೂಲದ ಅಣಕದ ಮುಖವನ್ನು ಮತ್ತೆ ಬರೆದು ಅದರ ಮೇಲೆ ಕಾಟು ಹಾಕಬೇಡಿ, ಹಾಗೆ ಮಾಡಿದರೆ ಅದೇ ಮುಖಕ್ಕೆ ಇನ್ನೊಂದು ಪ್ರತಿ ಹುಟ್ಟಿಸಿದಂತೆ. ಮೂಲದಲ್ಲಿ ಬಾಯಿಲ್ಲದ ಪಾತ್ರಕ್ಕೆ ಮನಸ್ಸು ಕೊಡಿ. ಬೆನ್ನಟ್ಟಿಸಿಕೊಂಡು ಓಡುತ್ತಿರುವವಳು ಓಡುತ್ತಲೇ ಮನೆಗೆ ಹಾಲು ತರಬೇಕಲ್ಲ ಎಂದು ಯೋಚಿಸಲಿ, ಕಾಲಿಗೆ ಚಪ್ಪಲಿ ಕಚ್ಚಲಿ, ಬೆನ್ನ ಹಿಂದಿನವರ ಏದುಸಿರು ಕೇಳಿ ನಗಲಿ. ಗಂಡಸರನ್ನು ಪ್ಯಾನೆಲ್‌ನ ಹೊರಗಿಡಿ, ಅವರ ಶೂ ಮಾತ್ರ ಕಾಣಲಿ. ನಗಿಸಲು ಬಂದರೆ ನಗಿಸಿ. ಭಾಷಣ ಶುರುವಾದ ಪ್ಯಾನೆಲ್ ಹರಿದುಹಾಕಿ.

ಹಂತ 9: ಬರಹದಲ್ಲೇ ಉತ್ತರಿಸುವವರಿಗೆ

ಬೈಗುಳದ ಪದವನ್ನು ಶೀರ್ಷಿಕೆಗೆ ತರಬೇಡಿ. ಓದುವವರಲ್ಲಿ ಆ ಪದದಿಂದ ಏಟು ತಿಂದವರಿರುತ್ತಾರೆ. ಅನುವಾದಿಸುವಾಗ ಅಮೆರಿಕದ ಜನಾಂಗದ ಬೈಗುಳಕ್ಕೆ ನಮ್ಮ ಜಾತಿಯ ಬೈಗುಳ ಜೋಡಿಸುವುದು ಬೇಡ. ನೋವು ಮುಟ್ಟಿಸುವ ಸುಲಭ ದಾರಿ ಅನಿಸಬಹುದು, ಆದರೆ ಅಲ್ಲಿಲ್ಲದ ಇನ್ನೊಂದು ಸಮುದಾಯವನ್ನು ಎಳೆದು ತಂದು ಹೊಡೆದಂತಾಗುತ್ತದೆ. ಪ್ಯಾನೆಲ್ ಹಾಕಿದರೆ ಪೂರ್ತಿ ಹಾಕಿ, ಅರ್ಧ ಕತ್ತರಿಸಿ ಹಾಕಿದರೆ ವಾದ ಅರ್ಧಕ್ಕೇ ಸೋಲುತ್ತದೆ. ವರ್ಷ, ಸಂಚಿಕೆ ನಮೂದಿಸಿ. 25ರ ವಯಸ್ಸಿನ ಕ್ರಂಬ್ ಬೇರೆ, 2009ರಲ್ಲಿ ಬೈಬಲ್‌ನ ಮೊದಲ ಗ್ರಂಥವಾದ ಜೆನೆಸಿಸ್ಅನ್ನು ಸಾಲು ಬಿಡದೆ ಚಿತ್ರಿಸಿದ ಕ್ರಂಬ್ ಬೇರೆ.

'ನಿಮಗೆ ಹಾಸ್ಯಪ್ರಜ್ಞೆ ಇಲ್ಲ' ಎಂದು ಯಾರಾದರೂ ಬಂದೇ ಬರುತ್ತಾರೆ. ಜಗಳಕ್ಕೆ ಹೋಗಬೇಡಿ. 'ಇರಬಹುದು ಸರ್. ಆ ನಾಲ್ಕನೇ ಪ್ಯಾನೆಲ್‌ನ ಜೋಕನ್ನು ನನಗೆ ಸ್ವಲ್ಪ ಬಿಡಿಸಿ ಹೇಳ್ತೀರಾ?' ಎಂದು ಕೇಳಿ. ಬಿಡಿಸಲು ಕೂತವರಲ್ಲಿ ಅರ್ಧ ಜನ ದಾರಿಯಲ್ಲೇ ನಿಲ್ಲುತ್ತಾರೆ. ಇನ್ನರ್ಧ ಜನ ನಿಮಗೆ ಕಾಣದ್ದೊಂದನ್ನು ತೋರಿಸಿಕೊಡುವುದೂ ಉಂಟು, ಆಗ ಲೇಖನ ತಿದ್ದಿ.

'ಕಾಲ ಹಾಗಿತ್ತು' ಎನ್ನುವವರಿಗೆ ಉತ್ತರ 1970ರಲ್ಲೇ ಇದೆ. ಅದೇ ಊರಲ್ಲಿ, ಅದೇ ವರ್ಷಗಳಲ್ಲಿ ರಾಬಿನ್ಸ್ ಬೇಡವೆಂದು ಹೇಳುತ್ತಿದ್ದರು. ಕ್ರಂಬ್ ಕೇಳಿಸಿಕೊಂಡೂ ಇದ್ದರು. 1971ರಲ್ಲಿ ಸ್ತ್ರೀವಾದಿಗಳಿಗೆ ಎದುರುತ್ತರವಾಗಿಯೇ ಒಂದು ಕಾಮಿಕ್ ಬರೆದು, ತನಗೆ ಬೇಕಾದ್ದನ್ನು ಬರೆಯುತ್ತೇನೆ ಎಂದು ಸಾರಿದರು.

ನಿಮ್ಮ ಉತ್ತರಕ್ಕೂ ಉತ್ತರ ಬಂದಾಗ

ಬರುತ್ತದೆ. ರಾಬಿನ್ಸ್‌ಗೆ ಮೇರಿ ವಿಂಗ್ಸ್ ಉತ್ತರ ಕೊಟ್ಟದ್ದು ಆಯಿತು. 'ವಿಮೆನ್ಸ್ ಕಾಮಿಕ್ಸ್'ನ ಹೆಣ್ಣುಗಳು ತೀರಾ ಆದರ್ಶವಾಗಿವೆ, ನಾವು ಅಷ್ಟು ಒಳ್ಳೆಯವರಲ್ಲ ಎಂದು ಅಲೀನ್ ಕೊಮಿನ್‌ಸ್ಕಿ ಮತ್ತು ಡಯಾನ್ ನೂಮಿನ್ ಹೊರಬಂದು 1976ರಲ್ಲಿ 'ಟ್ವಿಸ್ಟೆಡ್ ಸಿಸ್ಟರ್ಸ್' ಮಾಡಿದರು. ಮುಖಪುಟದಲ್ಲಿ ಅಲೀನ್ ಕಮೋಡಿನ ಮೇಲೆ ಕೂತಿರುವ ತಮ್ಮದೇ ಚಿತ್ರ ಬರೆದುಕೊಂಡರು. ಆ ಮುಖಪುಟವೂ ಹಲವರಿಗೆ ಹೇಸಿಗೆ ಹುಟ್ಟಿಸಿತು. ನಿಮ್ಮ ಎಂಟು ಪುಟದ ಕೊನೆಯಲ್ಲಿ ಒಂದು ಇಮೇಲ್ ವಿಳಾಸ ಹಾಕಿ, ಇಸವಿ ಹಾಕಿ, 'ಜೆರಾಕ್ಸ್ ಮಾಡಿ ಹಂಚಬಹುದು' ಎಂದು ಬರೆದು, ಹತ್ತು ಪ್ರತಿ ಮಾಡಿಸಿ. ಮೊದಲ ಪ್ರತಿ ನಿಮಗೆ ಆ ಪುಸ್ತಕ ಕೊಟ್ಟ ಗೆಳೆಯರಿಗೆ.